ಪೋಸ್ಟ್ ಎಣಿಸಿದರೆ ಡೆಂಗಿ ಎಣಿಸಿದಂತಾಯ್ತೇ?

‘ನಮ್ಮ ಓಣಿಯ ಫೇಸ್‌ಬುಕ್ ಗ್ರೂಪ್ ತೆರೆದರೆ ಮನೆಗೊಬ್ಬರಿಗೆ ಡೆಂಗಿ. ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಬೆರಳೆಣಿಕೆ ಮಂದಿ. ಫೇಸ್‌ಬುಕ್ ಲೆಕ್ಕವನ್ನೇ ಯಾಕೆ ನಂಬಬಾರದು?’
– ಒಬ್ಬ ಓದುಗರು, ಬೆಟಗೇರಿ

ಸಂಪಾದಕರ ಉತ್ತರ: ಜ್ವರದ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುವವರು ಊರಿಗೊಬ್ಬರಾದರೂ ಬೇಕು ಸರ್, ನಿಮ್ಮ ಪತ್ರ ಖುಷಿ ಕೊಟ್ಟಿತು. ಗ್ರೂಪಿಗೆ ಸುದ್ದಿ ಬೇಗ ಬರುತ್ತದೆ, ಇಲಾಖೆಗೆ ತಡವಾಗಿ. ಅಷ್ಟು ಒಪ್ಪಿದೆ. ಮುಂದಿನದನ್ನು ಒಪ್ಪಲಾರೆ.

ಗೂಗಲ್‌ನವರೇ 2008ರಲ್ಲಿ ಇಂಥದ್ದಕ್ಕೆ ಕೈ ಹಾಕಿದ್ದರು. ಜನ ಏನು ಹುಡುಕುತ್ತಾರೆ ಎಂಬುದರ ಮೇಲೆ ಅಮೆರಿಕದ ಫ್ಲೂ ಅಳೆಯುವ ಯೋಜನೆ. ಮರುವರ್ಷ ಎಚ್1ಎನ್1 (ಹಂದಿಜ್ವರ) ಬಂದಾಗ ಮೊದಲ ಅಲೆಯೇ ಅದಕ್ಕೆ ಸರಿಯಾಗಿ ಸಿಗಲಿಲ್ಲ. 2012–13ರ ಚಳಿಗಾಲದಲ್ಲಿ ಉಲ್ಟಾ ಹೊಡೆಯಿತು, ವೈದ್ಯರ ಲೆಕ್ಕಕ್ಕಿಂತ ದುಪ್ಪಟ್ಟಿಗೂ ಜಾಸ್ತಿ ತೋರಿಸಿತು. ಟಿವಿಯಲ್ಲಿ ಗದ್ದಲ ಎದ್ದರೆ ಗಟ್ಟಿಮುಟ್ಟಾಗಿರುವವರೂ ಹುಡುಕುತ್ತಾರೆ, ಅಲ್ವಾ? 2015ರಲ್ಲಿ ಅಂಗಡಿ ಮುಚ್ಚಿದರು.

ಇನ್ನು ನಿಮ್ಮ ಓಣಿ. ಒಬ್ಬ ಹುಡುಗನಿಗೆ ಜ್ವರ ಬಂದರೆ ಅಣ್ಣ ಪೋಸ್ಟ್ ಹಾಕುತ್ತಾನೆ, ಸೋದರಮಾವ ಹಾಕುತ್ತಾನೆ, ‘ಪ್ಲೇಟ್‌ಲೆಟ್ ಬೇಕು’ ಅಂತ ಗೆಳೆಯರು ಕಂಡ ಗ್ರೂಪಿಗೆಲ್ಲ ಕಳಿಸುತ್ತಾರೆ. ಹಮಾಲರ ಮನೆಯ ಅಜ್ಜಿಯ ಜ್ವರ ಯಾವ ಗ್ರೂಪಿಗೂ ಬರುವುದಿಲ್ಲ. ಪ್ಲೇಟ್‌ಲೆಟ್ ಇಳಿದದ್ದೆಲ್ಲ ಡೆಂಗಿಯೂ ಅಲ್ಲ, ಬೇರೆ ವೈರಲ್ ಜ್ವರದಲ್ಲೂ ಇಳಿಯುತ್ತದೆ. ಇಲಾಖೆ ಖಚಿತ ಎಂದು ಬರೆದುಕೊಳ್ಳುವುದು ಮುಖ್ಯವಾಗಿ ಎಲೈಸಾ ಎಂಬ ರಕ್ತಪರೀಕ್ಷೆಯಲ್ಲಿ ಬಂದದ್ದನ್ನು. ಲ್ಯಾಬಿನಲ್ಲಿ ಬೇಗ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟ್ ಅದಕ್ಕೆ ಸಾಲದು. ಪಟ್ಟಿ ಸಣ್ಣದಾಗಲು ಇದೂ ಒಂದು ಕಾರಣ. ಸುಮ್ನೆ ಮುಚ್ಚಿಡುತ್ತಾರೆ ಅನ್ನಬೇಡಿ.

ನನಗೆ ನಂಬಿಕೆ ಇರುವುದು ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರ ಮೇಲೆ. ಬಚ್ಚಲ ಪಕ್ಕದ ಬ್ಯಾರಲ್‌ನ ಮುಚ್ಚಳ ಸರಿಸಿ, ಟಾರ್ಚ್ ಬಿಟ್ಟು, ನೀರಿನಲ್ಲಿ ತಲೆಕೆಳಗಾಗಿ ನೇತಾಡುವ ಸೊಳ್ಳೆಮರಿ ಹುಳ ಹುಡುಕುತ್ತಾರೆ. ಕಂಡರೆ ನೀರು ಚೆಲ್ಲಿ ಅನ್ನಬೇಕು. ದಿನಗಟ್ಟಲೆ ಕಾದರೆ ನಳ ಬರುವ ಊರಲ್ಲಿ ಚೆಲ್ಲುವವರು ಯಾರು? ನೀರು ಬಿಡದವರಿಗೆ ಹೋಗಬೇಕಾದ ಬೈಗುಳ ಈ ಅಕ್ಕನಿಗೆ. ಮನೆಯಲ್ಲಿ ಯಾರಿಗೆ ಜ್ವರ, ಎಂದಿನಿಂದ ಅಂತ ಬರೆದುಕೊಂಡೇ ಆಕೆ ಮುಂದಿನ ಮನೆಗೆ ಹೋಗುತ್ತಾರೆ. ನಮ್ಮ ಪತ್ರಿಕೆಗಳಿಗೋ, ‘ವೈರಲ್ ಪೋಸ್ಟ್’ ಸಿಕ್ಕರೆ ಮುಖಪುಟ. 2025ರ ಜನವರಿಯಲ್ಲಿ ಇವರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು. ಅದರ ಬಗ್ಗೆ ನಿಮ್ಮ ಗ್ರೂಪಿನಲ್ಲಿ ಒಂದು ಪೋಸ್ಟ್ ಬಂದಿದ್ದರೂ ಕಳಿಸಿ ಸರ್, ಅಚ್ಚು ಹಾಕುತ್ತೇನೆ.