ಕೊಪ್ಪಳದಿಂದ ಕರಾವಳಿಗೆ ನಾಲ್ಕು ಹಾಯಿದೋಣಿ: ಮೂರು ದಿನದ ಪ್ರವಾಸಕ್ಕೆ ತಯಾರಿ

ಅಣ್ಣಾರ, ನಮಸ್ಕಾರ. ನೀವು ಕೇಳಿದ್ದು ಇಷ್ಟು: ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯ ಹತ್ತು ಜನ, 14ರಿಂದ 16 ಅಡಿಯ ನಾಲ್ಕು ಹಾಯಿದೋಣಿ, ಜನವರಿ ಕೊನೆಗೆ ಕಾರವಾರದಿಂದ ಹೊನ್ನಾವರಕ್ಕೆ ಮೂರು ದಿನ. ತುಂಗಭದ್ರಾ ಹಿನ್ನೀರಿನಲ್ಲಿ ಎಲ್ಲರಿಗೂ ರೂಢಿ ಇದೆ, ಸಮುದ್ರ ಹೊಸದು, ಇಬ್ಬರಿಗೆ ಈಜು ಬಾರದು. ಹೋಗಬಹುದು. ಆದರೆ ಯೋಜನೆಯಲ್ಲಿ ಕೆಲವು ಬದಲಾವಣೆ ಆಗಲೇಬೇಕು.

ಮೊದಲನೆಯದು, ಕಾರವಾರದಿಂದ ಹೊರಡಬೇಡ್ರಿ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದ ಕೂಡಲೇ ಬಿಣಗಾ, ಅರಗಾ ಭಾಗದಲ್ಲಿ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಬರುತ್ತದೆ. ಎದುರಿನ ಅಂಜುದೀವ ದ್ವೀಪವೂ ಅವರದೇ. ಹತ್ತಿರ ಸುಳಿಯುವಂತಿಲ್ಲ. ಸುತ್ತು ಹಾಕಿ ದಾಟೋಣವೆಂದರೆ ನಿಮ್ಮ ಗಾತ್ರದ ದೋಣಿಗೆ ಹೊರಸಮುದ್ರ ಆಗದು. ಅಂಕೋಲೆಯ ಬೇಲೆಕೇರಿಯಿಂದ ಶುರು ಮಾಡ್ರಿ. ನಮ್ಮ ಬಳ್ಳಾರಿ, ಸಂಡೂರಿನ ಅದಿರು ಹಡಗು ಹತ್ತುತ್ತಿದ್ದ ಬಂದರು ಅದೇ. ಕೊಲ್ಲಿಯ ಮರೆ ಇರುವುದರಿಂದ ದೋಣಿ ಇಳಿಸುವುದು ಸುಲಭ. ಬೇಲೆಕೇರಿಯಿಂದ ಅಘನಾಶಿನಿ ಹೊಳೆಯ ಬಾಯಲ್ಲಿರುವ ತದಡಿ ಸುಮಾರು 12 ನಾಟಿಕಲ್ ಮೈಲಿ, ಅಂದರೆ 22 ಕಿ.ಮೀ. ತದಡಿಯಿಂದ ಹೊನ್ನಾವರ ಸುಮಾರು 15, ಅಂದರೆ 28 ಕಿ.ಮೀ. ಒಟ್ಟಾರೆ ಎರಡು ದಿನದ ದಾರಿ. ಮೂರನೇ ದಿನವನ್ನು ಖಾಲಿ ಇಡ್ರಿ. ಗಾಳಿ ಕೆಟ್ಟರೆ ಆ ದಿನ ಬೇಕಾಗುತ್ತದೆ, ಕೆಡದಿದ್ದರೆ ಅಘನಾಶಿನಿ ಹೊಳೆಯೊಳಗೆ ಮಿರ್ಜಾನ ಕಡೆ ಹಾಯಿ ಬಿಟ್ಟುಕೊಂಡು ತಿರುಗಾಡಬಹುದು. ಮೂರು ದಿನಕ್ಕೆ ಮೂರು ದಿನದ ದಾರಿ ಹಾಕಿಕೊಂಡವರು, ಭಾನುವಾರ ಊರು ಮುಟ್ಟಬೇಕೆಂಬ ಅವಸರಕ್ಕೆ ಬೀಳಬಾರದ ಗಾಳಿಗೆ ಬೀಳುತ್ತಾರೆ.

ಇನ್ನು ಮುಖ್ಯ ಮಾತು. ಹಿನ್ನೀರಿನಲ್ಲಿ ಗಾಳಿ ಜೋರಾದರೆ ನೀವು ಹತ್ತಿರದ ದಂಡೆಗೆ ದೋಣಿ ಹತ್ತಿಸುತ್ತೀರಿ. ಆನೆಗೊಂದಿಯಲ್ಲಿ ಹರಿಗೋಲು ಹಾಕುವವರೂ ಅದನ್ನೇ ಮಾಡುತ್ತಾರೆ, ಅಲ್ಲಿಗೆ ಅದು ಸರಿ. ಸಮುದ್ರದಲ್ಲಿ ಆ ರೂಢಿಯೇ ದೋಣಿ ಮಗುಚಿಸುತ್ತದೆ. ಅಲೆ ತನ್ನ ಎತ್ತರದ ಒಂದೂಕಾಲು ಪಟ್ಟಿನಷ್ಟು ಆಳಕ್ಕೆ ಬಂದಾಗ ಒಡೆಯುತ್ತದೆ. ಒಂದು ಮೀಟರ್ ಅಲೆಯಿದ್ದರೆ, ಎದೆಮಟ್ಟದ ನೀರಿನಲ್ಲಿ, ಅಂದರೆ ದಂಡೆ ಇನ್ನೇನು ಸಿಕ್ಕಿತು ಅನ್ನುವಲ್ಲಿ ದೋಣಿಯ ಹಿಂಬದಿ ಎತ್ತಿ ಅಡ್ಡ ತಿರುಗಿಸಿ ಹಾಕುತ್ತದೆ. ಸಮುದ್ರದ ಕಡೆಯಿಂದ ನೋಡುವವರಿಗೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ನುಣುಪಾಗಿ, ಏನೂ ಇಲ್ಲವೆಂಬಂತೆ. ನೊರೆಯೆಲ್ಲ ಆಚೆ ಬದಿಗೆ. ಸಾಲಾಗಿ ಬೆನ್ನುಗಳು ಎದ್ದು ಒಮ್ಮೆಲೇ ಮಾಯವಾಗುತ್ತಿದ್ದರೆ, ಮೇಲೆ ತುಂತುರು ಹಾರುತ್ತಿದ್ದರೆ, ಅಲ್ಲಿ ಅಲೆ ಒಡೆಯುತ್ತಿದೆ ಎಂದೇ ತಿಳೀರಿ. ಗಾಳಿ ಕೆಟ್ಟಾಗ ದಂಡೆಯಿಂದ ಒಂದು, ಒಂದೂವರೆ ಕಿ.ಮೀ. ದೂರದಲ್ಲೇ ಉಳಿದು, ಹಾಯಿ ಇಳಿಸಿ, ಬೇಕಾದರೆ ಲಂಗರು ಹಾಕಿ ಕೂರುವುದೇ ಸುರಕ್ಷಿತ. ಇದನ್ನು ಹತ್ತು ಜನರೂ ಒಪ್ಪಿಕೊಂಡ ಮೇಲೆ ಉಳಿದ ಮಾತು.

ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ಇದಕ್ಕಿಂತ ಕಷ್ಟದ್ದು. ಹೊಳೆಯ ಬಾಯಲ್ಲಿ ಮರಳಿನ ದಿಬ್ಬ ಇರುತ್ತದೆ, ಪ್ರತಿ ಮಳೆಗಾಲ ಅದು ಜಾಗ ಬದಲಿಸುತ್ತದೆ. ಇಳಿತದಲ್ಲಿ ಹೊಳೆನೀರು ಹೊರಗೆ ನುಗ್ಗುವಾಗ ಎದುರಿನಿಂದ ಬರುವ ಅಲೆ ನೆಟ್ಟಗೆ ನಿಂತು ಒಡೆಯುತ್ತದೆ. ಇಳಿತದ ಮೂರನೇ, ನಾಲ್ಕನೇ ಗಂಟೆಯಲ್ಲಿ ಸೆಳೆತ ಅತಿ ಜೋರು. ಅಳಿವೆ ದಾಟುವುದಿದ್ದರೆ ಭರತದ ಕೊನೆಯ ಎರಡು ಗಂಟೆಯಲ್ಲಿ ದಾಟ್ರಿ, ಇಳಿತ ಶುರುವಾದ ಮೇಲೆ ಬೇಡ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಆದ್ದರಿಂದ ಆಯಾ ದಿನದ ಕೋಷ್ಟಕ ನೋಡಿಯೇ ಹೊರಡುವ ಹೊತ್ತು ಇಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಬಿಡ್ರಿ, ಸೆಳೆತ ಹೆಚ್ಚು. ಪಂಚಾಂಗದಲ್ಲಿ ಅಷ್ಟಮಿಯಿಂದ ದಶಮಿವರೆಗಿನ ದಿನ ಹುಡುಕಿ ತಾರೀಖು ಇಟ್ಟರೆ ಅರ್ಧ ಕೆಲಸ ಮುಗಿಯಿತು. ತದಡಿಯ ಬಾಯಿ ತಕ್ಕಮಟ್ಟಿಗೆ ಒಳ್ಳೆಯದು, ಮೀನುಗಾರಿಕೆ ದೋಣಿಗಳ ಓಡಾಟ ನೋಡಿಕೊಂಡು ಅವರ ಹಾದಿಯಲ್ಲೇ ಒಳಗೆ ಹೋಗ್ರಿ. ಹೊನ್ನಾವರದಲ್ಲಿ ಶರಾವತಿಯ ಅಳಿವೆ ಹಾಗಲ್ಲ. ಹೂಳಿನ ಬಗ್ಗೆ ಅಲ್ಲಿಯ ಮೀನುಗಾರರೇ ಹೇಳುತ್ತ ಬಂದಿದ್ದಾರೆ, ಅನುಭವಿಗಳ ದೋಣಿಯೂ ಅಲ್ಲಿ ಮಗುಚಿದ್ದುಂಟು. ಸ್ಥಳೀಯರ ಇಂಜಿನ್ ದೋಣಿ ಮುಂದಿಲ್ಲದೆ ಅದನ್ನು ಮುಟ್ಟಬೇಡ್ರಿ. ಅಳಿವೆ ಸರಿಯಿಲ್ಲ ಎಂದು ಸುದ್ದಿ ಬಂದರೆ ಧಾರೇಶ್ವರದ ಮರಳದಂಡೆಯಲ್ಲೇ ಮುಗಿಸ್ರಿ. ಆ ತೀರ್ಮಾನ ಧಾರೇಶ್ವರ ದಾಟುವ ಮೊದಲೇ ಆಗಬೇಕು. ದಾಟಿದ ಮೇಲೆ ವಾಯವ್ಯ ಗಾಳಿಗೆ ಎದುರಾಗಿ ಹಿಂದಕ್ಕೆ ಬರುವುದು ಬಹಳ ಕಷ್ಟ.

ಗಾಳಿಯ ಲೆಕ್ಕ ಸರಳ. ಜನವರಿಯಲ್ಲಿ ನಸುಕಿನಿಂದ 10 ಗಂಟೆಯ ತನಕ ಘಟ್ಟದ ಕಡೆಯಿಂದ ಭೂಗಾಳಿ, ಆಮೇಲೆ ಒಂದೆರಡು ತಾಸು ಗಾಳಿ ಸತ್ತುಹೋಗುತ್ತದೆ, ಮಧ್ಯಾಹ್ನದಿಂದ ವಾಯವ್ಯದ ಸಮುದ್ರಗಾಳಿ. 2ರಿಂದ 4ರವರೆಗೆ ಅದು 10–15 ನಾಟ್, ಅಂದರೆ ಗಂಟೆಗೆ 10–15 ನಾಟಿಕಲ್ ಮೈಲಿ ಇರುತ್ತದೆ. ಅದಕ್ಕೇ ಉತ್ತರದಿಂದ ದಕ್ಷಿಣಕ್ಕೆ ಹೋಗಬೇಕು, ಗಾಳಿ ಬೆನ್ನಿಗೆ ಇರುತ್ತದೆ. ನಿಮ್ಮಲ್ಲಿ ಅತಿ ನಿಧಾನದ ದೋಣಿ 3 ನಾಟ್ ಎಂದು ಹಿಡಿದರೆ 15 ಮೈಲಿಗೆ 5 ಗಂಟೆ, ಗಾಳಿ ಸತ್ತ ಹೊತ್ತು ಸೇರಿಸಿ 6ರಿಂದ 7. ಬೆಳಿಗ್ಗೆ 7ಕ್ಕೆ ನೀರಿಗೆ ಬಿದ್ದರೆ ಮಧ್ಯಾಹ್ನ 2ಕ್ಕೆ ಮುಟ್ಟಬಹುದು. ಭರತ ಸಂಜೆಗೆ ಬಿದ್ದರೆ ಅಳಿವೆಯ ಹೊರಗೆ ಲಂಗರು ಹಾಕಿ ಕಾಯುವ ಹೊತ್ತನ್ನೂ ಸೇರಿಸ್ರಿ. ನಸುಕಿನ ಭೂಗಾಳಿಯಲ್ಲಿ ದಂಡೆಯ ಹತ್ತಿರ ನೀರು ಕನ್ನಡಿಯಂತೆ ಇರುತ್ತದೆ, ಅದನ್ನು ನಂಬಿ ಹೊರಗೆ ದೂರ ಹೋಗಬೇಡ್ರಿ. ಹಾಯಿಕಂಬ ಮುರಿದರೆ ಆ ಗಾಳಿ ನಿಮ್ಮನ್ನು ಒಳಗೆ ತರುವುದಿಲ್ಲ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿಯ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಜೊತೆಗೆ ಅಲೆಗಳ ನಡುವಿನ ಅಂತರವನ್ನೂ ಸೆಕೆಂಡಿನಲ್ಲಿ ಕೊಡುತ್ತಾರೆ. ಎತ್ತರ ಒಂದು ಮೀಟರಿಗಿಂತ ಕಡಿಮೆ ಇದ್ದರೂ ಅಂತರ 12 ಸೆಕೆಂಡ್ ದಾಟಿದ್ದರೆ ಅಳಿವೆಯಲ್ಲಿ ಅಲೆ ದೊಡ್ಡದಾಗಿಯೇ ಒಡೆಯುತ್ತದೆ. ಆ ದಿನ ಇಳಿಯುವುದು ಬೇಡ. ನಾಲ್ಕರಲ್ಲಿ ಒಂದು ದೋಣಿಯವರು ಬೇಡ ಅಂದರೂ ನಾಲ್ಕೂ ಇಳಿಯಬಾರದು.

ದೋಣಿಯ ತಯಾರಿ ಈಗಲೇ ಶುರುವಾಗಲಿ, ಹಿನ್ನೀರಿನಲ್ಲೇ. ಅಣೆಕಟ್ಟಿನ ನಿರ್ಬಂಧಿತ ಪ್ರದೇಶ ಬಿಟ್ಟು, ಅನುಮತಿ ಇರುವ ಕಡೆ. ಮೊದಲ ಪರೀಕ್ಷೆ: ದೋಣಿಗೆ ಅಂಚಿನ ತನಕ ನೀರು ತುಂಬಿಸಿ, ಆ ದೋಣಿಯಲ್ಲಿ ಹೋಗುವ ಇಬ್ಬರೂ ಒಳಗೆ ಕೂರ್ರಿ. ಈಗ ಸೆಂಟರ್‌ಬೋರ್ಡ್ ಪೆಟ್ಟಿಗೆಯ (ತಳದ ಸೀಳಿನಿಂದ ನೀರಿಗೆ ಇಳಿಸುವ ಹಲಗೆಯ ಗೂಡು) ಮೇಲ್ತುದಿ ನೋಡ್ರಿ. ಅದು ನೀರಿನೊಳಗೆ ಮುಳುಗಿದ್ದರೆ ಎಷ್ಟು ಬಕೆಟ್ ಎತ್ತಿ ಚೆಲ್ಲಿದರೂ ಅಷ್ಟೇ ನೀರು ಆ ಸೀಳಿನಿಂದ ಮತ್ತೆ ಒಳಗೆ ಬರುತ್ತದೆ, ದೋಣಿ ಎಂದಿಗೂ ಖಾಲಿಯಾಗದು. ತೇಲುವ ಶಕ್ತಿ ಕಡಿಮೆ ಇದೆ ಎಂದರ್ಥ. 20 ಲೀಟರಿನ ಬಿಗಿ ಮುಚ್ಚಳದ ಖಾಲಿ ಕ್ಯಾನ್ ಒಂದು ಸುಮಾರು 20 ಕೆ.ಜಿ. ಎತ್ತುತ್ತದೆ. ಆರು ಕ್ಯಾನ್‌ಗಳನ್ನು ಕೂರುವ ಹಲಗೆಯ ಕೆಳಗೆ, ಎರಡೂ ಬದಿಗೆ ಸಮ ಹಂಚಿ, ಅಗಲ ಪಟ್ಟಿಯಿಂದ ಬಿಗೀರಿ. ಸುತಳಿಯಿಂದ ಕಟ್ಟಿದರೆ ನೀರು ಎತ್ತುವ ಬಲಕ್ಕೆ ಹರಿದು ಕ್ಯಾನ್ ತೇಲಿಹೋಗುತ್ತದೆ. ಮತ್ತೆ ನೀರು ತುಂಬಿ ನೋಡ್ರಿ. ಪೆಟ್ಟಿಗೆಯ ತುದಿ ನೀರಿನಿಂದ ಮೇಲೆ ಬಂದರೆ ಆ ದೋಣಿ ಪಾಸು.

ಮಗುಚಿದ ದೋಣಿ ಪೂರ್ತಿ ತಲೆಕೆಳಗಾದರೆ ಎತ್ತುವುದು ಹತ್ತು ಪಟ್ಟು ಕಷ್ಟ. ಹಾಯಿಕಂಬದ ತುದಿಗೆ 5 ಲೀಟರಿನ ಖಾಲಿ ಕ್ಯಾನ್ ಕಟ್ರಿ, ದೋಣಿ ಮಗ್ಗುಲಲ್ಲೇ ನಿಲ್ಲುತ್ತದೆ. ಆಮೇಲೆ ಹಾಯಿಯ ಹಗ್ಗ ಸಡಿಲ ಬಿಟ್ಟು, ಮೂತಿಯನ್ನು ಗಾಳಿಗೆ ತಿರುಗಿಸಿ, ಒಬ್ಬರು ಸೆಂಟರ್‌ಬೋರ್ಡ್ ಮೇಲೆ ಭಾರ ಹಾಕಬೇಕು, ಇನ್ನೊಬ್ಬರು ದೋಣಿಯೊಳಗೆ ತೇಲಿಕೊಂಡಿರಬೇಕು. ದೋಣಿ ಏಳುವಾಗ ಅವರೂ ಒಳಗೇ ಬರುತ್ತಾರೆ. 10 ಲೀಟರಿನ ಬಕೆಟ್ ದೋಣಿಗೇ ಕಟ್ಟಿರಲಿ. ಮಗುಚಿದಾಗಿನಿಂದ ನೀರು ಖಾಲಿಯಾಗುವ ತನಕ 5 ನಿಮಿಷ, ಪ್ರತಿ ಜೋಡಿ ಮೂರು ಸಲ ಮಾಡಿ ತೋರಿಸಲಿ. ಏನೇ ಆದರೂ ದೋಣಿ ಬಿಟ್ಟು ದಂಡೆಗೆ ಈಜಬಾರದು.

ಕಬ್ಬಿಣದ ವಿಷಯದಲ್ಲಿ ಸಿಹಿನೀರಿನವರು ಮೋಸ ಹೋಗುತ್ತಾರೆ. ಹಿನ್ನೀರಿನಲ್ಲಿ ವರ್ಷಗಟ್ಟಲೆ ಬಾಳಿದ ಬೋಲ್ಟು ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ಚುಕ್ಕಾಣಿಯ ಪಿನ್ನು, ಕಂಬದ ತಂತಿ ಹಿಡಿಯುವ ಕೊಂಡಿಗಳು 316 ಸ್ಟೀಲಿನವೇ ಇರಲಿ, ಅಂಗಡಿಯಲ್ಲಿ ಸಂಖ್ಯೆ ಹೇಳಿ ಕೇಳ್ರಿ. ಸುಮ್ಮನೆ ಸ್ಟೀಲ್ ಎಂದರೆ 202 ಕೊಟ್ಟುಬಿಡಬಹುದು. ಅಲೆಯ ಮೇಲೆ ಹಿಂಬದಿ ಎದ್ದು ಕುಣಿಯುವಾಗ ಚುಕ್ಕಾಣಿ ತನ್ನ ಕೊಂಡಿಯಿಂದ ಮೇಲಕ್ಕೆ ಜಾರಿ ಬೀಳುತ್ತದೆ. ತಡೆಪಿನ್ನು ಹಾಕಿ, ಜೊತೆಗೆ ಒಂದು ಹಗ್ಗದಲ್ಲಿ ದೋಣಿಗೆ ಕಟ್ಟಿರಬೇಕು. ದಿನದ ಕೊನೆಗೆ ಎಲ್ಲಕ್ಕೂ ಸಿಹಿನೀರು ಹೊಯ್ರಿ.

ಲಂಗರು 3–4 ಕೆ.ಜಿ., ಅದಕ್ಕೆ 2 ಮೀಟರ್ ಸರಪಳಿ, 40 ಮೀಟರ್ 8 ಮಿ.ಮೀ. ನೈಲಾನ್ ಹಗ್ಗ. ಆಳದ ಐದು ಪಟ್ಟು ಹಗ್ಗ ಬಿಡಬೇಕು. ಕಡಿಮೆ ಬಿಟ್ಟರೆ ಲಂಗರು ನೆಟ್ಟಗೆ ಎಳೆಸಿಕೊಂಡು ಮರಳಿನಿಂದ ಕಿತ್ತುಬರುತ್ತದೆ. ನಾಲ್ಕು ಮುಳ್ಳಿನ ಮಡಚುವ ಲಂಗರು ಕಲ್ಲಿಗೆ ಸರಿ, ಮರಳಿಗೆ ಅಗಲ ಎಲೆಯದೇ ಬೇಕು. ಹಗ್ಗ ಮೂತಿಗೇ ಕಟ್ರಿ, ಹಿಂಬದಿಗೆ ಕಟ್ಟಿದರೆ ಅಲೆ ಒಳಗೆ ನುಗ್ಗುತ್ತದೆ. ಅಲೆ ಇರುವ ದಂಡೆಗೆ ಹತ್ತಲೇಬೇಕಾದರೆ ಒಡೆಯುವ ಜಾಗಕ್ಕಿಂತ ಹೊರಗೆ ಲಂಗರು ಬಿಟ್ಟು, ಹಾಯಿ ಇಳಿಸಿ, ಚುಕ್ಕಾಣಿ ತೆಗೆದು ಒಳಗಿಟ್ಟು, ಮೂತಿ ಸಮುದ್ರದ ಕಡೆ ಇರುವಂತೆ ಹಗ್ಗ ಸಡಿಲಿಸುತ್ತ ಹಿಮ್ಮುಖವಾಗಿ ದಂಡೆಗೆ ಇಳೀರಿ. ಒಂದೊಂದೇ ದೋಣಿ. ಎರಡು ಒಟ್ಟಿಗೆ ಬಂದರೆ ಒಂದಕ್ಕೊಂದು ಬಡಿದು ಕೈಕಾಲು ಮುರಿಯುತ್ತವೆ.

ಸಮುದ್ರದಲ್ಲಿ ಗುಂಪು ಚದುರದಿರಲಿ. ನಿಧಾನದ ದೋಣಿ ಮುಂದಿರಲಿ, ಗಟ್ಟಿ ಜೋಡಿಯದು ಕೊನೆಗೆ. ವೇಗದ ದೋಣಿಯವರು ಜಿಬ್ (ಮುಂದಿನ ಚಿಕ್ಕ ಹಾಯಿ) ಇಳಿಸಿ ವೇಗ ತಗ್ಗಿಸಬೇಕು, ಮುಂದೆ ಹೋಗಿ ಕಾಯುತ್ತೇವೆ ಎನ್ನಬಾರದು. ಹಿಂದಿನವರು ಮಗುಚಿದರೆ ಮುಂದಿನವರು ಗಾಳಿಗೆ ಎದುರಾಗಿ ವಾಪಸ್ ಬರುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಎರಡು ದೋಣಿಗಳ ನಡುವೆ 200 ಮೀಟರ್ ಮೀರಬೇಡ. ಎಲ್ಲೆಡೆ ಬಿಳಿನೊರೆ ಏಳುತ್ತಿದ್ದರೆ ಅಷ್ಟರೊಳಗೆ ಎಲ್ಲರೂ ರೀಫ್ ಹಾಕಿ, ಅಂದರೆ ಹಾಯಿ ಮಡಚಿ ಕಟ್ಟಿ ಚಿಕ್ಕದು ಮಾಡಿ, ಮುಗಿಸಿರಬೇಕು. ಅನುಮಾನವಿದ್ದರೆ ದಂಡೆಯಲ್ಲೇ ಹಾಕಿಕೊಂಡು ಹೊರಡ್ರಿ, ಬಿಚ್ಚುವುದು ಸುಲಭ. ಬಲೆಯ ತೇಲುಬುರುಡೆಗಳ ಸಾಲು ಕಂಡರೆ ತುದಿಯಿಂದ ಸುತ್ತಿ ಹೋಗ್ರಿ. ಆಗದಿದ್ದರೆ ಎರಡು ಬುರುಡೆಗಳ ನಟ್ಟನಡುವೆ, ಸೆಂಟರ್‌ಬೋರ್ಡ್ ಮತ್ತು ಚುಕ್ಕಾಣಿ ಎತ್ತಿ ದಾಟ್ರಿ. ಅವರ ಬಲೆ ಹರಿದರೆ ಅವರ ಅನ್ನಕ್ಕೆ ಪೆಟ್ಟು. ಗೋಕರ್ಣದ ಕುಡ್ಲೆ, ಓಂ ದಂಡೆಗಳ ಗುಡ್ಡದ ಮೂಗುಗಳಿಂದ 800 ಮೀಟರ್ ಆಚೆ ಇರ್ರಿ, ಬಂಡೆಗೆ ಬಡಿದು ವಾಪಸಾಗುವ ಅಲೆ ದೋಣಿಯನ್ನು ಎಲ್ಲ ಕಡೆಯಿಂದ ಕುಲುಕುತ್ತದೆ.

ಉಪಗ್ರಹ ಸಂದೇಶ ಕಳಿಸುವ ಸಾಧನ ಅಥವಾ ಸ್ಯಾಟಲೈಟ್ ಫೋನ್ ಯಾರ ಬಳಿಯಾದರೂ ಇದ್ದರೆ ಮನೆಯಲ್ಲೇ ಬಿಡ್ರಿ, ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಅದು ಅಪರಾಧ. ದಂಡೆಯಿಂದ ಈ ದೂರಕ್ಕೆ ಮೊಬೈಲ್ ಬಹುಪಾಲು ಸಿಗುತ್ತದೆ, ನೀರು ಹೋಗದ ಚೀಲದಲ್ಲಿ ಪ್ರತಿ ದೋಣಿಗೆ ಎರಡು ಇರಲಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಇವೆರಡನ್ನೂ ದೋಣಿಯ ಒಳಬದಿಗೆ ಬರೀರಿ. ಹೊರಡುವ ಮುಂಚೆ ಕಾವಲು ಪೊಲೀಸ್ ಠಾಣೆಗೂ ಬಂದರು ಕಚೇರಿಗೂ ಹೋಗಿ ಹೆಸರು, ಗುರುತಿನ ಚೀಟಿ, ಹಾಯಿಯ ಬಣ್ಣ, ದಾರಿ, ಮುಟ್ಟುವ ಹೊತ್ತು ಎಲ್ಲ ಬರೆದು ಕೊಟ್ಟು ಒಪ್ಪಿಗೆ ಪಡೀರಿ.

ಸಾಗಣೆಗೆ 19 ಅಡಿಯ ಲಾರಿ ಸಾಕು. ದೋಣಿಗಳ ನಡುವೆ ಭತ್ತದ ಹುಲ್ಲಿನ ಪೆಂಡಿ ತುಂಬ್ರಿ, ಗಂಗಾವತಿಯಲ್ಲಿ ಅದಕ್ಕೆ ಬರವಿಲ್ಲ. ಯಲ್ಲಾಪುರದಲ್ಲಿ ನಿಲ್ಲಿಸಿ ಹಗ್ಗಗಳನ್ನೆಲ್ಲ ಮತ್ತೆ ಬಿಗಿದು, ಆಮೇಲೆ ಅರಬೈಲು ಘಟ್ಟ ಇಳೀರಿ. ನೀರು ಪ್ರತಿ ದೋಣಿಗೆ ದಿನಕ್ಕೆ 10 ಲೀಟರ್, 5 ಲೀಟರಿನ ಕ್ಯಾನುಗಳಲ್ಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಒಳ್ಳೆಯ ಊಟ, ಆದರೆ ಕರಾವಳಿಯ ಹಸಿಗಾಳಿಗೆ ರೊಟ್ಟಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ, ದಿನಕ್ಕೊಂದು ಡಬ್ಬಿ ಬೇರೆ ಮಾಡಿ ಮುಚ್ರಿ.

ಈಜು ಬಾರದ ಇಬ್ಬರ ಬಗ್ಗೆ ಕೇಳಿದ್ರಿ. ಈ ಸಲ ಅವರು ದೋಣಿ ಹತ್ತುವುದು ಬೇಡ, ಲಾರಿಯ ಜೊತೆ ದಂಡೆಯ ಮೇಲಿರಲಿ. ಆ ಕೆಲಸಕ್ಕೆ ಹೇಗೂ ಇಬ್ಬರು ಬೇಕೇ ಬೇಕು. ಎರಡನೇ ದಿನ ಅವರು ಬೆಳಿಗ್ಗೆಯೇ ಹೊನ್ನಾವರ ಮುಟ್ಟಿ, ಗೊತ್ತು ಮಾಡಿದ ಇಂಜಿನ್ ದೋಣಿಯವರ ಜೊತೆ ಅಳಿವೆ ನೋಡಿ, 10 ಗಂಟೆಗೆ ದೋಣಿಗಳಿಗೆ ಫೋನ್ ಮಾಡಿ ಹೊನ್ನಾವರವೋ ಧಾರೇಶ್ವರವೋ ಹೇಳಬೇಕು. ಕರೆ ಸಿಗದಿದ್ದರೆ ಧಾರೇಶ್ವರ ಎಂದೇ ಮೊದಲೇ ಗೊತ್ತು ಮಾಡಿಕೊಂಡಿರ್ರಿ, ಒಂದು ತಾಸು ಸುದ್ದಿಯಿಲ್ಲದಿದ್ದರೆ ಲಾರಿಯೂ ಅಲ್ಲಿಗೇ ಹೊರಡಲಿ. ಪ್ರತಿ ದೋಣಿಯವರು ಗಂಟೆಗೊಮ್ಮೆ ಅವರಿಗೆ ಸಂದೇಶ ಹಾಕಲಿ. ಗೊತ್ತು ಮಾಡಿದ ಹೊತ್ತಿಗಿಂತ ಒಂದು ಗಂಟೆ ತಡವಾದರೆ ಇಂಜಿನ್ ದೋಣಿ ಅವರನ್ನು ಹುಡುಕಲು ಹೊರಡಬೇಕು. ಇನ್ನೂ ಅರ್ಧ ಗಂಟೆಯಲ್ಲಿ ಸುಳಿವಿಲ್ಲದಿದ್ದರೆ, ಯಾರನ್ನೂ ಕೇಳದೆ, 1554ಕ್ಕೆ ಕರೆ.