ಒಂದು ಸಾಲಿನ ಉತ್ತರಕ್ಕೆ ಎಷ್ಟು ಅಂಕ?

ಮಾನ್ಯರೇ,

‘ಯಾವ ವಾಸ್ತವ ಸಂಖ್ಯೆಯ ವರ್ಗವೂ ಆ ಸಂಖ್ಯೆಗಿಂತ ಕಡಿಮೆಯಿರದು. ಇದು ಸರಿಯೇ? ಸಾಧಿಸಿ’ ಎಂಬ ನಿಮ್ಮ ಪ್ರಶ್ನೆಗೆ ವಿದ್ಯಾರ್ಥಿನಿಯೊಬ್ಬಳು ‘ತಪ್ಪು, 1/2ರ ವರ್ಗ 1/4, ಅದು 1/2ಕ್ಕಿಂತ ಕಡಿಮೆ’ ಎಂದಷ್ಟೇ ಬರೆದಳೆಂದೂ, ಉದಾಹರಣೆಯಿಂದ ಸಾಧನೆಯಾಗದೆಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರಿಂದ ಅರ್ಧ ಅಂಕ ಕೊಟ್ಟಿರೆಂದೂ ತಿಳಿಸಿ, ನಮ್ಮ ಅಭಿಪ್ರಾಯ ಕೇಳಿದ್ದೀರಿ. ಆಕೆಗೆ ಪೂರ್ಣ ಅಂಕ ಸಲ್ಲಬೇಕು.

ನೀವು ಹೇಳಿಕೊಟ್ಟ ನಿಯಮ ಹೇಳಿಕೆ ನಿಜವೆಂದು ಸ್ಥಾಪಿಸ ಹೊರಟವರಿಗೆ ಅನ್ವಯಿಸುತ್ತದೆ. ‘ಎಲ್ಲ ಸಂಖ್ಯೆಗಳಿಗೂ’ ಎಂದವರು ಎಲ್ಲಕ್ಕೂ ಹೊಣೆ ಹೊರಬೇಕು; ಅಲ್ಲಗಳೆಯುವವರು ಒಂದನ್ನು ತೋರಿಸಿದರೆ ಸಾಕು. ಮೌಲ್ಯಮಾಪಕರು ನೋಡಬೇಕಾದದ್ದು ಎರಡೇ: ತೋರಿಸಿದ ಸಂಖ್ಯೆ ಹೇಳಿಕೆಯ ವ್ಯಾಪ್ತಿಗೆ ಸೇರಿದೆಯೇ, ಲೆಕ್ಕ ಸರಿಯಿದೆಯೇ. ಪ್ರಶ್ನೆಯಲ್ಲಿ ‘ಪೂರ್ಣಾಂಕ’ ಎಂದಿದ್ದರೆ 1/2 ಪ್ರತ್ಯುದಾಹರಣೆಯಾಗುತ್ತಿರಲಿಲ್ಲ, ಹೇಳಿಕೆಯೂ ನಿಜವಾಗಿರುತ್ತಿತ್ತು.

ಕೋಟ್ಯಂತರ ಸಂಖ್ಯೆಗಳಿಗೆ ಒಪ್ಪುವ ಹೇಳಿಕೆಯನ್ನು ಒಂದೇ ಸಂಖ್ಯೆಗಾಗಿ ಕೈಬಿಡುವುದು ನ್ಯಾಯವೇ ಎಂದೂ ಕೇಳಿದ್ದೀರಿ. 1919ರಲ್ಲಿ ಹಂಗೇರಿಯ ಗಣಿತಜ್ಞ ಜಾರ್ಜ್ ಪೋಲ್ಯಾ ಮುಂದಿಟ್ಟ ಊಹೆಯೊಂದಕ್ಕೆ ಇಂಥದೇ ಗತಿ ಬಂತು. 1ರಿಂದ ಯಾವುದಾದರೊಂದು ಸಂಖ್ಯೆಯವರೆಗೆ ಬರೆದು, ಪ್ರತಿಯೊಂದರ ಅವಿಭಾಜ್ಯ ಅಪವರ್ತನಗಳನ್ನು, ಮರುಕಳಿಸಿದವನ್ನೂ ಸೇರಿಸಿ, ಎಣಿಸಿರಿ. ಎಣಿಕೆ ಬೆಸವಾದರೆ ಆ ಸಂಖ್ಯೆ ಬೆಸ ಗುಂಪಿಗೆ, ಸಮವಾದರೆ ಸಮ ಗುಂಪಿಗೆ; 1ರ ಎಣಿಕೆ ಸೊನ್ನೆ, ಅದು ಸಮ. 10ರವರೆಗೆ ಎಣಿಸಿದರೆ 2, 3, 5, 7, 8 ಬೆಸ ಗುಂಪಿಗೆ ಬರುತ್ತವೆ; 1, 4, 6, 9, 10 ಸಮ ಗುಂಪಿಗೆ; ಐದಕ್ಕೆ ಐದು, ಸರಿಸಮ. 2ರಿಂದಾಚೆಗೆ ಎಲ್ಲಿ ನಿಲ್ಲಿಸಿದರೂ ಸಮ ಗುಂಪು ಬೆಸ ಗುಂಪನ್ನು ಮೀರದು ಎಂಬುದೇ ಆ ಊಹೆ. ಕೈಲೆಕ್ಕದಲ್ಲಿ ಎಷ್ಟು ದೂರ ಹೋದರೂ ಅದು ಮುರಿಯುವುದಿಲ್ಲ. ಆದರೆ 1958ರಲ್ಲಿ ಗಣಿತಜ್ಞ ಹ್ಯಾಸೆಲ್‌ಗ್ರೋವ್ ಅದು ಸುಳ್ಳೆಂದು ಸಾಧಿಸಿದರು. ಎಲ್ಲಿ ಮುರಿಯುತ್ತದೆಂದು ಬೆರಳಿಟ್ಟು ತೋರಿಸುವ ಸಂಖ್ಯೆ 1960ರಲ್ಲಿ ಲೆಹ್‌ಮನ್ ಅವರಿಗೆ ಸಿಕ್ಕಿತು. ಇಂಥ ಸಂಖ್ಯೆಗಳಲ್ಲಿ ಅತಿ ಚಿಕ್ಕದು 90,61,50,257 ಎಂದು 1980ರಲ್ಲಿ ತನಾಕಾ ಕಂಡುಕೊಂಡರು. ತೊಂಬತ್ತು ಕೋಟಿಗೂ ಹೆಚ್ಚು ಅನುಕೂಲ ಸಾಕ್ಷಿಗಳಿದ್ದರೂ ಊಹೆ ಉಳಿಯಲಿಲ್ಲ. ಈ ಕಟ್ಟುನಿಟ್ಟು ನನಗೆ ಗಣಿತದ ಬಗ್ಗೆ ಅತ್ಯಂತ ಗೌರವ ಮೂಡಿಸಿದ ಸಂಗತಿ.

ನಿಮ್ಮ ಹೇಳಿಕೆಯನ್ನು ಪೂರ್ತಿ ಕೈಬಿಡಬೇಕಾಗಿಯೂ ಇಲ್ಲ. ಅಂಕ ತಿದ್ದಿಕೊಟ್ಟ ಮೇಲೆ, 1/2ರಂತೆ ಅದನ್ನು ಮುರಿಯುವ ಸಂಖ್ಯೆಗಳು ಇನ್ನಾವುವು ಎಂದು ಇಡೀ ತರಗತಿಯನ್ನು ಕೇಳಿರಿ. ಸೊನ್ನೆಗೂ ಒಂದಕ್ಕೂ ನಡುವಿನವೆಲ್ಲ ಮುರಿಯುತ್ತವೆ, ಉಳಿದ ಯಾವುದೂ ಮುರಿಯದು ಎಂಬಲ್ಲಿಗೆ ಮಕ್ಕಳು ತಾವಾಗಿಯೇ ತಲುಪಬಲ್ಲರು. ಋಣ ಸಂಖ್ಯೆಗಳನ್ನು ಪರೀಕ್ಷಿಸಲು ಮಾತ್ರ ನೀವು ನೆನಪಿಸಬೇಕಾದೀತು.

– ಸಂಪಾದಕ