ನಂದಿ ಸಾಲಿನ ನದಿಗಳು ಮತ್ತು ನಮ್ಮ ಬೇಸಾಯ

ಪ್ರಶ್ನೆ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟಗಳ ಸಾಲಿನ ಆಸುಪಾಸಿನಲ್ಲೇ ಎಂದು ಓದಿದ್ದೇವೆ. ಆದರೂ ನಮ್ಮ ಹೊಳೆ ಮಳೆ ನಿಂತ ಕೆಲವೇ ದಿನಗಳಲ್ಲಿ ಬತ್ತುತ್ತದೆ. ಬೇಸಾಯ ಹೆಚ್ಚಿದ್ದೇ ಕಾರಣವೇ? ರೈತರನ್ನು ದೂರುವುದು ನ್ಯಾಯವೇ?
— ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಬೇಸಾಯ ಬಹುಮಟ್ಟಿಗೆ ಕಾರಣವೇ. ಆದರೆ ಎಷ್ಟು ಎಕರೆ ಉತ್ತಿದ್ದೇವೆ ಎಂಬುದಕ್ಕಿಂತ ನೀರನ್ನು ಎಷ್ಟು ಆಳದಿಂದ ಎತ್ತುತ್ತಿದ್ದೇವೆ ಎಂಬುದು ಹೆಚ್ಚು ಮುಖ್ಯ. ನಿಮ್ಮ ಭಾಗದಲ್ಲಿ ಗಟ್ಟಿ ಬಂಡೆಯ ಮೇಲಿನ ಶಿಥಿಲ ಪದರವು (ಸವೆದು ಸಡಿಲವಾದ ಕಲ್ಲುಮಣ್ಣಿನ ಪದರ) ಮಳೆನೀರನ್ನು ಹಿಡಿದಿಟ್ಟುಕೊಂಡು, ಮಳೆಗಾಲ ಮುಗಿದ ಮೇಲೂ ಸ್ವಲ್ಪಸ್ವಲ್ಪವಾಗಿ ಹಳ್ಳಗಳಿಗೆ ಬಸಿಯುತ್ತಿತ್ತು. ತೆರೆದ ಬಾವಿಯಿಂದ ಕಪಿಲೆಯಲ್ಲಿ, ಅಂದರೆ ಎತ್ತುಗಳು ಎಳೆಯುವ ಚರ್ಮದ ಚೀಲದಲ್ಲಿ, ನೀರೆತ್ತುವಾಗ ಎತ್ತುಗಳ ಶಕ್ತಿಯೇ ಬಳಕೆಗೆ ಮಿತಿಯಾಗಿತ್ತು. ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ಆ ಪದರ ಬರಿದಾಯಿತು. ಅಂತರ್ಜಲವು ಹೊಳೆಯ ಪಾತ್ರಕ್ಕಿಂತ ಬಹಳ ಕೆಳಗಿಳಿದಿರುವುದರಿಂದ ಈಗ ಹೊಳೆಗೆ ಬಂದ ನೀರನ್ನೇ ನೆಲ ಹೀರಿಕೊಳ್ಳುತ್ತದೆ. ಆಳದ ಬಂಡೆಯ ಸಂದುಗಳಲ್ಲಿ ದೀರ್ಘಕಾಲ ನಿಂತ ನೀರಿನೊಡನೆ ಫ್ಲೋರೈಡ್ ಕೂಡ ಮೇಲೆ ಬರುತ್ತದೆ.

ರಾಗಿ, ಹುರುಳಿಯ ಹೊಲಗಳಿಗೆ ದ್ರಾಕ್ಷಿ, ಟೊಮೆಟೊ, ಹೂವಿನ ಬೆಳೆಗಳು ಬಂದವು. ಗೋಮಾಳಗಳು ಸಾಗುವಳಿಗೆ ಸೇರಿದವು, ಕೆರೆಗೆ ನೀರು ತರುವ ಕಾಲುವೆಗಳು ಒತ್ತುವರಿಯಿಂದ ಕಿರಿದಾದವು, ಉತ್ತ ಇಳಿಜಾರುಗಳ ಮಣ್ಣು ಹೂಳಾಗಿ ಕೆರೆ ಸೇರಿತು. ನೆಲದ ನೀರನ್ನು ಹೆಚ್ಚು ಹೀರುವ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ, ಕಡಿದ ಬುಡ ಮತ್ತೆ ಚಿಗುರುವ ಮರವದು. ಬೇರು ಕೀಳಿಸದೆ ಆದೇಶದಿಂದ ಸಿಗುವ ಪ್ರಯೋಜನ ಕಡಿಮೆ.

ಹನಿ ನೀರಾವರಿಯೊಂದೇ ಪರಿಹಾರವೆಂಬ ಮಾತನ್ನು ನಾನು ಒಪ್ಪಲಾರೆ. ಉಳಿಸಿದ ನೀರನ್ನು ಮತ್ತೊಂದು ಎಕರೆಗೆ ಹರಿಸಿದರೆ ನೆಲದಿಂದ ಎತ್ತುವ ಒಟ್ಟು ನೀರು ಕಡಿಮೆಯಾಗುವುದಿಲ್ಲ.

ಇನ್ನು ರೈತರನ್ನು ದೂರುವ ವಿಚಾರ. ನಾಲೆಯ ನೀರಿಲ್ಲದ ಜಿಲ್ಲೆಯಲ್ಲಿ, ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟು, ಮಳೆಯಾಶ್ರಿತ ಬೆಳೆಗೆ ಬದುಕುವಷ್ಟು ಆದಾಯ ಸಿಗದಂತೆ ಮಾಡಿದ ಮೇಲೆ, ಸಾಲ ಮಾಡಿ ಕೊಳವೆಬಾವಿ ಕೊರೆಸಿದವನೊಬ್ಬನನ್ನೇ ಹೊಣೆ ಮಾಡುವುದು ಅನ್ಯಾಯ. ರಾಗಿ ಮತ್ತು ಹುರುಳಿ ಬೆಳೆದವನಿಗೆ ಖಚಿತವಾದ ಖರೀದಿ ದೊರೆಯಬೇಕು. ಅದರೊಂದಿಗೆ ಬೆಟ್ಟದ ಬುಡದ ಹಳ್ಳಗಳಿಂದಲೇ ಆರಂಭಿಸಿ ಕಾಲುವೆಗಳ ಒತ್ತುವರಿ ತೆರವಾಗಬೇಕು. ಕೆಳಗಿನ ಕೆರೆಯ ಹೂಳೆತ್ತುವ ಕೆಲಸ ಅದರ ನಂತರದ್ದು.